ನಾಲ್ವರು ಹೀರೋಗಳು, ಕಣ್ಣಿಗೆ ಕಾಣದ ಒಬ್ಬ ಡೈರೆಕ್ಟರು!

ರಾತ್ರಿ ಹೊತ್ತು. ಊರಿಗೆ ಊರೇ ಹಾಳು ಸುರಿಯುತ್ತಿದೆ. ಎತ್ತರದ ಕಟ್ಟಡವೊಂದರ ತಾರಸಿಯ ಮೇಲೆ ನಾಲ್ಕು ಜನ ನಿಂತಿದ್ದಾರೆ. ಕೆಳಗೆ ಬೀದಿಯಲ್ಲಿ ಯಾರೋ ನರಳುವ ಸದ್ದು. ಊರಿನ ಇನ್ನೊಂದು ಕೊನೆಯಲ್ಲಿ ಒಂದು ಆಸ್ಪತ್ರೆ. ಅದರ ನೆತ್ತಿ ಮುಟ್ಟಿದರೆ ಹೆಲಿಕಾಪ್ಟರ್ ಬರುತ್ತದೆ, ಜೀವ ಉಳಿಯುತ್ತದೆ.

ಮೂವರು ಸರಸರನೆ ಮೆಟ್ಟಿಲಿಳಿದು ಮುಂದೆ ಹೋದರು. ಒಬ್ಬ ಹಿಂದೆ ಉಳಿದ. ಅಷ್ಟೇ ಸಾಕಾಯಿತು! ಕತ್ತಲಿನಿಂದ ಒಂದು ಆಕೃತಿ ಚಂಗನೆ ನೆಗೆದು ಅವನನ್ನು ನೆಲಕ್ಕೆ ಕೆಡವಿತು. ಎದೆಯ ಮೇಲೆ ಕೂತು ಉಗುರಿನಿಂದ ಬಗೆಯತೊಡಗಿತು. ಅವನ ಕೈಯಲ್ಲಿ ಬಂದೂಕಿದೆ. ಬಂದೂಕಿನಲ್ಲಿ ಗುಂಡೂ ಇದೆ. ಆದರೆ ಅವನು ಏನೂ ಮಾಡುವ ಹಾಗಿಲ್ಲ. ಕೂಗಬಹುದು, ಅಷ್ಟೆ.

ನಮ್ಮ ಸಿನಿಮಾ ಆಗಿದ್ದರೆ? ಹೀರೋ ಒಂದು ಸಲ ಕಣ್ಣು ಕೆಂಪಗೆ ಮಾಡಿ, ಹೂಂಕರಿಸಿ, ಎದೆಯ ಮೇಲಿದ್ದದ್ದನ್ನು ಹತ್ತು ಗಜ ದೂರ ಒದ್ದು ಎದ್ದು ನಿಲ್ಲುತ್ತಿದ್ದ. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯ ಸುರಿಮಳೆ! ಇಲ್ಲಿ ಆ ಆಟ ನಡೆಯೋದಿಲ್ಲ ಸ್ವಾಮಿ. ಮುಂದೆ ಹೋದ ಮೂವರಲ್ಲಿ ಯಾರಾದರೊಬ್ಬ ಹಿಂತಿರುಗಿ ಬರಬೇಕು. ಬರಲಿಲ್ಲವೋ, ಹೀರೋ ಖಲಾಸ್!

ಇದು ಯಾವ ಚಿತ್ರದ ಸೀನೂ ಅಲ್ಲ. 2008ರ ನವೆಂಬರಿನಲ್ಲಿ ಅಮೆರಿಕದ ವಾಲ್ವ್ ಕಂಪನಿ ಹೊರತಂದ ‘ಲೆಫ್ಟ್ 4 ಡೆಡ್’ ಎಂಬ ವಿಡಿಯೋ ಗೇಮಿನ ಸೀನು. ನಾಲ್ಕು ಜನ ನಾಲ್ಕು ಕಂಪ್ಯೂಟರಿನ ಮುಂದೆ, ಬೇಕಾದರೆ ನಾಲ್ಕು ಬೇರೆ ಬೇರೆ ಊರಿನಲ್ಲಿ ಕೂತು, ಒಂದೇ ಕಥೆಯೊಳಗೆ ಇಳಿದು ನಡೆದಾಡುವ ಹೆಣಗಳ ಜೊತೆ ಸೆಣಸುವ ಆಟ. ಅದರ ಹಿಂದೆ, ಮುಂದೆ, ಅಕ್ಕಪಕ್ಕ ಇನ್ನೂ ಎಷ್ಟೋ ಆಟಗಳು ಬಂದವು. ಕೆಲವು ಭರ್ಜರಿ ಓಡಿದವು. ಕೆಲವು ಬೇಗ ಸುಸ್ತಾದವು.

ಸಿನಿಮಾ ಪತ್ರಿಕೆಯಲ್ಲಿ ಗೇಮಿನ ಮಾತು ಯಾಕಪ್ಪಾ ಅಂತ ಹುಬ್ಬೇರಿಸಬೇಡಿ. ಈ ಆಟಗಳ ಅಪ್ಪ ಸಿನಿಮಾ. ತಾತನೂ ಸಿನಿಮಾ!

ತಾತ ಮುತ್ತಾತಂದಿರು

ಜೋಂಬಿ ಚಿತ್ರಗಳ ಮುತ್ತಾತ ಅಂದರೆ 1932ರ ‘ವೈಟ್ ಜೋಂಬಿ’. ಡ್ರಾಕುಲಾ ಖ್ಯಾತಿಯ ಬೆಲಾ ಲುಗೋಸಿ ಅದರಲ್ಲಿ ಮಂತ್ರವಾದಿ. ಅವನ ಜೋಂಬಿಗಳು ಪಾಪ, ಯಾರನ್ನೂ ತಿನ್ನುವುದಿಲ್ಲ. ಮಂತ್ರಕ್ಕೆ ಕಟ್ಟುಬಿದ್ದು ಸಕ್ಕರೆ ಗಾಣದಲ್ಲಿ ಜೀತ ಮಾಡುತ್ತವೆ.

ಮನುಷ್ಯರನ್ನು ತಿನ್ನುವ ಹೆಣಗಳನ್ನು ತೆರೆಗೆ ತಂದವನು ಜಾರ್ಜ್ ರೊಮೆರೊ. ವರ್ಷ 1968. ಚಿತ್ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಪಿಟ್ಸ್‌ಬರ್ಗಿನಲ್ಲಿ ಜಾಹೀರಾತು ಚಿತ್ರ ತೆಗೆದುಕೊಂಡಿದ್ದ ಗೆಳೆಯರು ಸೇರಿ, ಸುಮಾರು 1 ಲಕ್ಷ 14 ಸಾವಿರ ಡಾಲರಿನಲ್ಲಿ, ಕಪ್ಪು ಬಿಳುಪಿನಲ್ಲಿ ಮುಗಿಸಿದ ಚಿತ್ರ. ಹೆಸರು ಬದಲಾಯಿಸುವ ಗಡಿಬಿಡಿಯಲ್ಲಿ ಪ್ರಿಂಟಿನ ಮೇಲೆ ಕಾಪಿರೈಟ್ ಸಾಲು ಹಾಕೋದನ್ನೇ ಮರೆತರು. ಚಿತ್ರ ಊರ ಸೊತ್ತಾಯಿತು! ಯಾರು ಬೇಕಾದರೂ ತೋರಿಸಿ ದುಡ್ಡು ಮಾಡಿಕೊಂಡರು.

ಕಥೆ ಏನು? ಒಂದು ಒಂಟಿ ಮನೆಯಲ್ಲಿ ಏಳು ಜನ ಸಿಕ್ಕಿಕೊಂಡಿದ್ದಾರೆ. ಹೊರಗೆ ಹೆಣಗಳು. ಒಳಗೆ ಜಗಳ. ಮೇಲೆ ನಿಂತು ಕಾದಾಡೋಣ ಅನ್ನುತ್ತಾನೆ ಒಬ್ಬ. ನೆಲಮಾಳಿಗೆಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಅನ್ನುತ್ತಾನೆ ಇನ್ನೊಬ್ಬ. ಯಾರೂ ಯಾರ ಮಾತೂ ಕೇಳುವುದಿಲ್ಲ. ಬೆಳಗಾಗುವ ಹೊತ್ತಿಗೆ ಒಬ್ಬರೂ ಉಳಿಯುವುದಿಲ್ಲ. ಹೊರಗಿನ ಹೆಣಗಳು ಕೊಂದದ್ದು ಅರ್ಧ, ಒಳಗಿನ ಜಗಳ ಕೊಂದದ್ದು ಅರ್ಧ!

ಈ ಒಂದು ಎಳೆಯನ್ನು ನೆನಪಿಟ್ಟುಕೊಳ್ಳಿ. ನಲವತ್ತು ವರ್ಷದ ಮೇಲೆ ಗೇಮಿನವರು ಇದೇ ಎಳೆ ಹಿಡಿದು ಜಗ್ಗಿದರು. ಜಗಳ ಆಡುವ ಏಳು ಜನರನ್ನು ತೆರೆಯ ಮೇಲೆ ತೋರಿಸುವ ಬದಲು ನಮ್ಮನ್ನೇ ಒಳಗೆ ತಳ್ಳಿ ಬಾಗಿಲು ಹಾಕಿದರು. ‘ಒಗ್ಗಟ್ಟಾಗಿ ಇರ್ತೀರೋ, ಸಾಯ್ತೀರೋ, ನಿಮಗೆ ಬಿಟ್ಟಿದ್ದು’ ಅಂದರು.

ಪೋಸ್ಟರೂ ಇದೆ, ಶುಭಂ ಕಾರ್ಡೂ ಇದೆ

‘ಲೆಫ್ಟ್ 4 ಡೆಡ್’ ಶುರುವಾಗುವುದೇ ಸಿನಿಮಾ ಪೋಸ್ಟರಿನಿಂದ. ಒಂದೊಂದು ಅಧ್ಯಾಯವೂ ಒಂದೊಂದು ಚಿತ್ರ. ‘ನೋ ಮರ್ಸಿ’, ‘ಡೆತ್ ಟೋಲ್’, ‘ಡೆಡ್ ಏರ್’, ‘ಬ್ಲಡ್ ಹಾರ್ವೆಸ್ಟ್’. ಗೇಮು ಲೋಡ್ ಆಗುವಷ್ಟು ಹೊತ್ತು ಪೋಸ್ಟರು ಕಾಣುತ್ತದೆ. ಅದರಲ್ಲಿ ತಾರಾಗಣದ ಜಾಗದಲ್ಲಿ ಆಡುತ್ತಿರುವ ನಿಮ್ಮ ಹೆಸರು! ಕಡೆಗೆ ಟೈಟಲ್ ಓಡುತ್ತದೆ. ಯಾರು ಎಷ್ಟು ಹೊಡೆದರು, ಯಾರು ಯಾರನ್ನು ಕಾಪಾಡಿದರು ಎಲ್ಲ ಲೆಕ್ಕವೂ ಬರುತ್ತದೆ. ದಾರಿಯಲ್ಲಿ ಸತ್ತು ಹೋದವನ ಹೆಸರು ನೆನಪಿನ ಕಾಣಿಕೆಯಾಗಿ ಬರುತ್ತದೆ. ಈ ಚಿತ್ರ ತಯಾರಿಸುವಾಗ ಇಷ್ಟು ಜೋಂಬಿಗಳಿಗೆ ಪೆಟ್ಟಾಯಿತು ಅಂತ ಒಂದು ಚೇಷ್ಟೆಯ ಲೆಕ್ಕ ಬೇರೆ!

ಪಾತ್ರಗಳು ನಾಲ್ಕು. ವಿಯೆಟ್ನಾಂ ಯುದ್ಧ ಕಂಡ ಮುದುಕ ಬಿಲ್. ಕಾಲೇಜು ಹುಡುಗಿ ಜೋಯಿ. ಟೈ ಕಟ್ಟಿದ ಆಫೀಸಿನ ಲೂಯಿಸ್. ಮೋಟಾರ್ ಬೈಕಿನ ಒರಟ ಫ್ರಾನ್ಸಿಸ್. ಈ ಫ್ರಾನ್ಸಿಸ್‌ಗೆ ಜಗತ್ತಿನಲ್ಲಿ ಯಾವುದನ್ನು ಕಂಡರೂ ಆಗದು. ಮೆಟ್ಟಿಲು ಕಂಡರೆ ಆಗದು, ಕಾಡು ಕಂಡರೆ ಆಗದು. ಗೊಣಗುತ್ತಲೇ ಗೆಳೆಯರನ್ನು ಕಾಪಾಡುತ್ತಾನೆ. ನಮ್ಮಲ್ಲೂ ಇಂಥ ಮಾವಂದಿರು ಮನೆಗೊಬ್ಬರಿದ್ದಾರಲ್ಲ, ಹಾಗೆ.

ಖಳನಾಯಕರ ಪಟ್ಟಿಯೂ ಜೋರು. ಚಂಗನೆ ಎಗರಿ ಎದೆಯ ಮೇಲೆ ಕೂರುವವನು ಹಂಟರ್. ಮಹಡಿಯ ಮೇಲಿಂದ ಉದ್ದನೆಯ ನಾಲಿಗೆ ಬೀಸಿ ಎಳೆದುಕೊಳ್ಳುವವನು ಸ್ಮೋಕರ್. ಮೈಮೇಲೆ ವಾಂತಿ ಮಾಡಿ ಇಡೀ ಹಿಂಡನ್ನು ನಿಮ್ಮ ಮೇಲೆ ಕರೆಯುವ ಡೊಳ್ಳುಹೊಟ್ಟೆಯವನು ಬೂಮರ್. ಕಾರುಗಳನ್ನೇ ಚೆಂಡಿನ ಹಾಗೆ ತೂರುವವನು ಟ್ಯಾಂಕ್. ಇನ್ನೊಬ್ಬಳಿದ್ದಾಳೆ, ವಿಚ್. ಕತ್ತಲ ಮೂಲೆಯಲ್ಲಿ ಕೂತು ಬಿಕ್ಕಿಬಿಕ್ಕಿ ಅಳುತ್ತಾಳೆ. ಪಾಪ ಅಂತ ಟಾರ್ಚು ಬಿಟ್ಟಿರೋ, ಕಥೆ ಮುಗಿಯಿತು!

ಹಂಟರ್ ಮತ್ತು ಸ್ಮೋಕರ್ ವಿಷಯದಲ್ಲಿ ಗುಟ್ಟಿರುವುದು ಒಂದೇ. ಅವರ ಹಿಡಿತಕ್ಕೆ ಪೂರ್ತಿ ಸಿಕ್ಕವನು ತಾನಾಗಿ ಬಿಡಿಸಿಕೊಳ್ಳಲಾರ. ಎಂಥ ಗುರಿಕಾರನಾದರೂ ಅಷ್ಟೆ. ಬಿದ್ದವನನ್ನು ಎಬ್ಬಿಸಲು ಇನ್ನೊಬ್ಬ ಬಂದು, ಕೆಲವು ಸೆಕೆಂಡು ಬಂದೂಕು ಬಿಟ್ಟು, ಕೈ ಹಿಡಿದು ಎತ್ತಬೇಕು. ಆ ಹೊತ್ತಿನಲ್ಲಿ ಎತ್ತುವವನ ಬೆನ್ನು ಕಾಯಲು ಮೂರನೆಯವನು ಬೇಕು. ಔಷಧಿ ಪೆಟ್ಟಿಗೆ ಒಬ್ಬರಿಗೆ ಒಂದೇ. ಅದನ್ನು ನಿನಗೇ ಕಟ್ಟಿಕೊಳ್ಳಬಹುದು, ಕುಂಟುತ್ತಿರುವ ಗೆಳೆಯನಿಗೂ ಕಟ್ಟಬಹುದು. ಹೀಗೆ ಪ್ರತಿ ನಿಮಿಷಕ್ಕೊಂದು ಪರೀಕ್ಷೆ! ಗುರಿಯ ಪರೀಕ್ಷೆಯಲ್ಲ, ಗುಣದ ಪರೀಕ್ಷೆ.

ಕಾಣದ ಡೈರೆಕ್ಟರು

ಇನ್ನು ಈ ಆಟದ ನಿಜವಾದ ಸ್ಟಾರ್. ಅವನು ತೆರೆಯ ಮೇಲೆ ಬರುವುದೇ ಇಲ್ಲ. ಅವನ ಹೆಸರು ‘ಡೈರೆಕ್ಟರ್’. ಮನುಷ್ಯನಲ್ಲ, ಕಂಪ್ಯೂಟರಿನ ಒಳಗಿನ ಒಂದು ಲೆಕ್ಕಾಚಾರ.

ಇದರ ಹಿಂದೆ ಒಂದು ಕಥೆಯಿದೆ. ಮೈಕ್ ಬೂತ್ ಎಂಬುವರು ಕ್ಯಾಲಿಫೋರ್ನಿಯಾದಲ್ಲಿ ಟರ್ಟಲ್ ರಾಕ್ ಎಂಬ ಸ್ಟುಡಿಯೋ ನಡೆಸುತ್ತಿದ್ದರು. ಆಗ ಅವರ ಕೈಯಲ್ಲಿದ್ದದ್ದು ‘ಕೌಂಟರ್ ಸ್ಟ್ರೈಕ್’ ಆಟದ ಕೆಲಸ. ಒಂದು ದಿನ ಕಂಪ್ಯೂಟರ್ ಆಡಿಸುವ ಗೊಂಬೆಗಳ ಕೈಗೆ ಬರೀ ಚಾಕು ಕೊಟ್ಟು, ಹಿಂಡುಹಿಂಡಾಗಿ ತಮ್ಮ ಮೇಲೆ ಬಿಟ್ಟುಕೊಂಡರು. ತಾವು ಕೆಲವೇ ಜನ, ಕೈಯಲ್ಲಿ ಬಂದೂಕು. ಎಷ್ಟು ಮಜಾ ಬಂತೆಂದರೆ ಅದೇ ಹೊಸ ಆಟದ ಬೀಜವಾಯಿತು. 2008ರ ಜನವರಿಯಲ್ಲಿ ವಾಲ್ವ್ ಕಂಪನಿ ಆ ಸ್ಟುಡಿಯೋವನ್ನೇ ಕೊಂಡುಕೊಂಡಿತು.

ಡೈರೆಕ್ಟರ್ ಮಾಡುವ ಕೆಲಸ ಏನು? ಪ್ರತಿಯೊಬ್ಬ ಆಟಗಾರ ಎಷ್ಟು ಗಾಬರಿಯಲ್ಲಿದ್ದಾನೆ ಅಂತ ಅಳೆಯುತ್ತಲೇ ಇರುತ್ತಾನೆ. ಪೆಟ್ಟು ಬಿತ್ತೇ? ಗಾಬರಿಯ ಮುಳ್ಳು ಏರಿತು. ಹೆಣಗಳು ಮೈಮೇಲೆ ಬಂದವೇ? ಇನ್ನೂ ಏರಿತು. ಮುಳ್ಳು ತುದಿ ಮುಟ್ಟಿದ ಮೇಲೆ ಒಂದೆರಡು ಉಸಿರಿನಷ್ಟು ಹೊತ್ತು ಹಾಗೇ ಹಿಡಿದು, ಆಮೇಲೆ ಹಿಂಡನ್ನು ನಿಲ್ಲಿಸಿಬಿಡುತ್ತಾನೆ. ಅರ್ಧ ಮುಕ್ಕಾಲು ನಿಮಿಷ ಬರೀ ಮೌನ. ಮತ್ತೆ ಶುರು! ನಮ್ಮ ಹಳೆಯ ನಿರ್ದೇಶಕರು ಫೈಟಿಂಗ್ ಆದ ಮೇಲೊಂದು ತಾಯಿ ಸೆಂಟಿಮೆಂಟು, ಅದಾದ ಮೇಲೊಂದು ಹಾಸ್ಯದ ಸೀನು ಇಡುತ್ತಿದ್ದರಲ್ಲ, ಅದೇ ಸೂತ್ರ. ಆದರೆ ಇಲ್ಲಿ ಸ್ಕ್ರಿಪ್ಟು ಪ್ರತಿ ಆಟಕ್ಕೂ ಹೊಸದು. ನಿನ್ನೆ ಟ್ಯಾಂಕ್ ಬಂದ ಜಾಗದಲ್ಲಿ ಇವತ್ತು ಏನೂ ಇಲ್ಲ. ನಿನ್ನೆ ಖಾಲಿ ಇದ್ದ ಕೋಣೆಯಲ್ಲಿ ಇವತ್ತು ಅಳುವ ಸದ್ದು... ಹಿನ್ನೆಲೆ ಸಂಗೀತವೂ ಅಷ್ಟೆ, ನಾಲ್ವರಿಗೂ ಬೇರೆ ಬೇರೆ, ಅವರವರ ಪರಿಸ್ಥಿತಿಗೆ ತಕ್ಕಂತೆ!

ಈ ಡೈರೆಕ್ಟರನಿಗೆ ಒಂದು ಕೆಟ್ಟ ಬುದ್ಧಿಯೂ ಇದೆ. ಗುಂಪು ಬಿಟ್ಟವನು ಸುಲಭದ ತುತ್ತು. ಒಬ್ಬನೇ ಹಿಂದೆ ಉಳಿದವನ ಗತಿ ಏನಾಗುತ್ತದೆ ಅಂತ ಮೊದಲ ಸೀನಿನಲ್ಲೇ ನೋಡಿದಿರಲ್ಲ!

ಟೈಟಲ್ ಮುಗಿದ ಮೇಲೆ ಬಂದ ಭೂತ

ಅದೇ 2008ರ ನವೆಂಬರಿನಲ್ಲಿ ಇನ್ನೊಂದು ಕಡೆ ಇನ್ನೊಂದು ಚಮತ್ಕಾರ ನಡೆಯಿತು. ಟ್ರೆಯಾರ್ಕ್ ಸ್ಟುಡಿಯೋದ ‘ಕಾಲ್ ಆಫ್ ಡ್ಯೂಟಿ: ವರ್ಲ್ಡ್ ಅಟ್ ವಾರ್’ ಎರಡನೇ ಮಹಾಯುದ್ಧದ ಗಂಭೀರ ಆಟ. ಕಥೆ ಮುಗಿಯಿತು, ಟೈಟಲ್ ಓಡಿತು, ಆಡುವವನು ಎದ್ದು ಹೋಗಬೇಕು... ಅಷ್ಟರಲ್ಲಿ ಒಂದು ಪಾಳು ಕಟ್ಟಡ, ಸುತ್ತ ನಾಜಿ ಸೈನಿಕರ ಹೆಣಗಳು! ಉಡುಗೊರೆಯಾಗಿ ಇಟ್ಟ ಈ ತುಣುಕು ಎಷ್ಟು ಜನಪ್ರಿಯವಾಯಿತೆಂದರೆ, ಮುಂದೆ ಎಷ್ಟೋ ಜನ ‘ಕಾಲ್ ಆಫ್ ಡ್ಯೂಟಿ’ ಕೊಂಡದ್ದೇ ಜೋಂಬಿಗಾಗಿ.

ಇಲ್ಲಿ ಕಥೆ ಮುಂದೆ ನಡೆಯುವುದಿಲ್ಲ. ಒಂದೇ ಜಾಗ. ಕಿಟಕಿಗೆ ಹಲಗೆ ಹೊಡೆದು ಕಾಯಬೇಕು. ಹಲಗೆ ಹೊಡೆದರೂ ಪಾಯಿಂಟು, ಹೆಣ ಹೊಡೆದರೂ ಪಾಯಿಂಟು. ಆ ಪಾಯಿಂಟಿನಿಂದ ಗೋಡೆಯ ಮೇಲಿನ ಬಂದೂಕು ಕೊಳ್ಳಬೇಕು, ಮುಚ್ಚಿದ ಬಾಗಿಲು ತೆಗೆಸಬೇಕು. ಅದೃಷ್ಟದ ಪೆಟ್ಟಿಗೆಯೊಂದಿದೆ, ಲಾಟರಿ ಇದ್ದ ಹಾಗೆ. ಒಳ್ಳೆಯ ಬಂದೂಕೂ ಬರಬಹುದು, ಕೆಲಸಕ್ಕೆ ಬಾರದ್ದೂ ಬರಬಹುದು. ಸುತ್ತು ಮುಗಿದಷ್ಟೂ ಹೆಣಗಳು ಗಟ್ಟಿಯಾಗುತ್ತವೆ. ಆ ಮೊದಲ ಕಟ್ಟಡದಲ್ಲಿ ಗೆಲುವು ಅನ್ನುವುದೇ ಇರಲಿಲ್ಲ. ಎಷ್ಟು ಹೊತ್ತು ಸಾಯದೆ ಉಳಿದಿರಿ ಅನ್ನುವುದಷ್ಟೇ ಲೆಕ್ಕ.

ಜಗಳ ಹುಟ್ಟುವುದು ಎಲ್ಲಿ ಗೊತ್ತೇ? ಬಾಗಿಲಿನ ಹತ್ತಿರ! ‘ಬಾಗಿಲಿಗೆ ನೀನು ಪಾಯಿಂಟ್ ಹಾಕು.’ ‘ಹೋದ ಸಲ ನಾನೇ ಹಾಕಿದ್ದೆ ಕಣೋ.’ ಹೋಟೆಲಿನಲ್ಲಿ ಬಿಲ್ಲು ಬಂದಾಗ ಗೆಳೆಯರ ಮುಖ ನೋಡಿದ್ದೀರಲ್ಲ, ಥೇಟ್ ಅದೇ!

ಸಿನಿಮಾ ರಸಿಕರಿಗೆ ಇಲ್ಲೊಂದು ರಸಗವಳ ಇದೆ. 2011ರ ಮೇ ತಿಂಗಳಲ್ಲಿ ಈ ಮಾಲೆಗೆ ‘ಕಾಲ್ ಆಫ್ ದಿ ಡೆಡ್’ ಎಂಬ ಹೊಸ ಅಧ್ಯಾಯ ಬಂತು. ಹಿಮದ ನಡುವೆ ಒಡೆದ ಹಡಗು. ಅಲ್ಲಿ ಒಂದು ಜೋಂಬಿ ಚಿತ್ರದ ಶೂಟಿಂಗ್. ನಿರ್ದೇಶಕರು ಯಾರು? ಸಾಕ್ಷಾತ್ ಜಾರ್ಜ್ ರೊಮೆರೊ! ನಟರಾಗಿ ರಾಬರ್ಟ್ ಇಂಗ್ಲಂಡ್, ಸಾರಾ ಮಿಷೆಲ್ ಗೆಲ್ಲರ್, ಡ್ಯಾನಿ ಟ್ರೇಹೋ, ಮೈಕಲ್ ರೂಕರ್. ಶೂಟಿಂಗಿನ ನಡುವೆ ನಿಜವಾದ ಹೆಣಗಳು ನುಗ್ಗಿ ರೊಮೆರೊ ಅವರನ್ನೇ ಕಚ್ಚುತ್ತವೆ. ಅಲ್ಲಿಂದ ಮುಂದೆ ಆಡುವವರನ್ನು ಆಟದುದ್ದಕ್ಕೂ ಅಟ್ಟಿಸಿಕೊಂಡು ಬರುವುದು, ಕೈಯಲ್ಲಿ ಸ್ಟುಡಿಯೋ ಲೈಟು ಹಿಡಿದ ಜೋಂಬಿ ರೊಮೆರೊ! ಹೊಡೆದರೆ ಕೆರಳುತ್ತಾರೆ, ನೀರಿಗಿಳಿದರೆ ತಣ್ಣಗಾಗುತ್ತಾರೆ. ಹೆಣಗಳಿಗೆ ಜೀವ ಕೊಟ್ಟ ತಾತನಿಗೆ ಮೊಮ್ಮಕ್ಕಳು ಸಲ್ಲಿಸಿದ ಗುರುದಕ್ಷಿಣೆ ಇದು. 2017ರ ಜುಲೈನಲ್ಲಿ ರೊಮೆರೊ ತೀರಿಕೊಂಡರು. ಈ ಪಾತ್ರ ಮಾತ್ರ ಇನ್ನೂ ನಡೆದಾಡುತ್ತಲೇ ಇದೆ.

ಲಂಡನ್ನಿನ ಸಂತೆ

‘ಕಿಲ್ಲಿಂಗ್ ಫ್ಲೋರ್’ ಬಡವರ ಮನೆಯ ಹುಡುಗ. 2005ರಲ್ಲಿ ‘ಅನ್‌ರಿಯಲ್ ಟೂರ್ನಮೆಂಟ್ 2004’ ಎಂಬ ಬೇರೆ ಆಟದ ಮೇಲೆ ಅಭಿಮಾನಿಗಳು ಹವ್ಯಾಸಕ್ಕೆ ಕಟ್ಟಿದ ಆಟ ಅದು. ಟ್ರಿಪ್‌ವೈರ್ ಕಂಪನಿ 2009ರ ಮೇ ತಿಂಗಳಲ್ಲಿ ಅದನ್ನು ಅಂಗಡಿಗೆ ತಂದಿತು. ಜಾಗ ಇಂಗ್ಲೆಂಡು. ಇಲ್ಲಿ ಎದುರಾಗುವವು ಗೋರಿಯಿಂದೆದ್ದ ಹೆಣಗಳಲ್ಲ. ಹಾರ್ಜಿನ್ ಎಂಬ ಕಂಪನಿಯ ಪ್ರಯೋಗಶಾಲೆಯಲ್ಲಿ ಹದ ತಪ್ಪಿ ಹುಟ್ಟಿದ ಪ್ರಾಣಿಗಳು, ‘ಜೆಡ್’ಗಳು.

ನಾಲ್ಕರ ಬದಲು ಆರು ಜನ ಆಡಬಹುದು. ಅಲೆ ಅಲೆಯಾಗಿ ಜೆಡ್‌ಗಳು ಬರುತ್ತವೆ. ಒಂದು ಅಲೆ ಮುಗಿದ ಕೂಡಲೆ ಅಂಗಡಿ ತೆಗೆಯುತ್ತದೆ. ಓಡು, ಓಡು! ಬಾಗಿಲು ಹಾಕುವುದರೊಳಗೆ ಬಂದೂಕು, ಗುಂಡು, ಕವಚ ಕೊಂಡುಕೋ. ಸಂತೆಯ ಕಡೆ ಗಳಿಗೆಯ ನೂಕುನುಗ್ಗಲೇ ನೂಕುನುಗ್ಗಲು. ಗೆಳೆಯನ ಜೇಬು ಖಾಲಿಯಾಗಿದ್ದರೆ ನೋಟಿನ ಕಂತೆಯನ್ನು ಅವನ ಕಾಲ ಬಳಿ ಎಸೆಯಬಹುದು. ಕೆಲವರು ಜಿಪುಣರು, ಕೆಲವರು ಕರ್ಣರು. ಮನುಷ್ಯನ ಬಣ್ಣ ಇಲ್ಲೇ ಬಯಲು!

ಇನ್ನೊಂದು ಜಾಣತನ ನೋಡಿ. ಚುಚ್ಚುಮದ್ದು ಎಲ್ಲರ ಹತ್ತಿರವೂ ಇದೆ. ತನಗೇ ಚುಚ್ಚಿಕೊಂಡರೆ ಕಡಿಮೆ ಗುಣ. ಗೆಳೆಯನಿಗೆ ಚುಚ್ಚಿದರೆ ಹೆಚ್ಚು ಗುಣ, ಮೇಲೆ ಒಂದಿಷ್ಟು ಕಾಸೂ ಸಿಗುತ್ತದೆ. ಪರೋಪಕಾರಕ್ಕೆ ಕೂಲಿ! ಡಾಕ್ಟರು, ಬೆಂಕಿಯವನು, ಕತ್ತಿಯವನು, ದೂರದಿಂದ ತಲೆಗೆ ಗುರಿಯಿಡುವವನು ಅಂತ ಒಬ್ಬೊಬ್ಬರಿಗೂ ಒಂದೊಂದು ಕಸುಬು. ಆಗಾಗ ಇಡೀ ಜಗತ್ತೇ ನಿಧಾನವಾಗಿಬಿಡುತ್ತದೆ. ಹಾರುವ ಗುಂಡು, ಚಿಮ್ಮುವ ರಕ್ತ ಎಲ್ಲ ಸ್ಲೋ ಮೋಷನ್. ಅದೂ ಆರು ಜನರಿಗೂ ಒಟ್ಟಿಗೇ. ಫೈಟ್ ಮಾಸ್ಟರುಗಳು ನೋಡಿ ತಲೆದೂಗಬೇಕು.

ಕ್ಲೈಮ್ಯಾಕ್ಸಿನಲ್ಲಿ ಬರುವವನು ಹಾರ್ಜಿನ್ ಕಂಪನಿಯ ಯಜಮಾನ, ಪೇಟ್ರಿಯಾರ್ಕ್. ಪೆಟ್ಟು ಜಾಸ್ತಿಯಾದರೆ ಥಟ್ಟನೆ ಮಾಯವಾಗಿ ಓಡಿ, ಎಲ್ಲೋ ಮೂಲೆಯಲ್ಲಿ ಔಷಧಿ ಚುಚ್ಚಿಕೊಂಡು ಮರಳಿ ಬರುತ್ತಾನೆ. ‘ಮಿಸ್ಟರ್ ಇಂಡಿಯಾ’ದ ಗಡಿಯಾರ ವಿಲನ್ ಕೈಗೆ ಸಿಕ್ಕಿದ್ದರೆ ಹೇಗಿರುತ್ತಿತ್ತೋ, ಹಾಗೆ!

ಎರಡನೆಯ ಭಾಗ 2016ರಲ್ಲೂ ಮೂರನೆಯದು 2025ರ ಜುಲೈನಲ್ಲೂ ಬಂದವು. ಸಂತೆ ದೊಡ್ಡದಾಯಿತು, ಬಂದೂಕು ಹೆಚ್ಚಿದವು. ಆದರೆ ಮೊದಲನೆಯದರ ಆ ಒರಟು ರುಚಿಯೇ ಬೇರೆ ಅನ್ನುವವರು ಇದ್ದೇ ಇದ್ದಾರೆ.

ಅಭಿಮಾನಿಗಳ ಬಹಿಷ್ಕಾರ!

ಚಿತ್ರ ಗೆದ್ದರೆ ಎರಡನೇ ಭಾಗ ಬರಲಿ ಅಂತ ಅಭಿಮಾನಿಗಳು ಕುಣಿಯುತ್ತಾರೆ. ‘ಲೆಫ್ಟ್ 4 ಡೆಡ್ 2’ ವಿಷಯದಲ್ಲಿ ಆದದ್ದು ತದ್ವಿರುದ್ಧ. 2009ರ ಜೂನಿನಲ್ಲಿ ಪ್ರಕಟಣೆ ಬಂದ ಕೂಡಲೆ, ‘ಮೊದಲನೆಯದಕ್ಕೆ ಇನ್ನೂ ವರ್ಷ ತುಂಬಿಲ್ಲ, ಕೊಡ್ತೀವಿ ಅಂದ ಹೊಸ ಅಧ್ಯಾಯಗಳೂ ಬಂದಿಲ್ಲ, ಆಗಲೇ ಇನ್ನೊಂದಕ್ಕೆ ದುಡ್ಡು ಕೀಳ್ತೀರಾ?’ ಅಂತ 30 ಸಾವಿರಕ್ಕೂ ಹೆಚ್ಚು ಜನ ಬಹಿಷ್ಕಾರದ ಗುಂಪು ಕಟ್ಟಿದರು. ಕಂಪನಿಯವರು ಜಾಣರು. ಗುಂಪಿನ ಇಬ್ಬರು ಮುಖಂಡರನ್ನು ವಿಮಾನದಲ್ಲಿ ಕರೆಸಿ ಆಟ ಆಡಿಸಿದರು. ಬಹಿಷ್ಕಾರ ತಣ್ಣಗಾಯಿತು. ಆಟ ನವೆಂಬರಿನಲ್ಲಿ ಬಂತು, ಗೆದ್ದಿತು.

ಈ ಸಲ ಅಮೆರಿಕದ ದಕ್ಷಿಣ ಭಾಗ. ಸವಾನಾದಿಂದ ನ್ಯೂ ಆರ್ಲಿಯನ್ಸ್‌ವರೆಗೆ ಪಯಣ. ಕೋಚ್, ಎಲಿಸ್, ನಿಕ್, ರೋಷೆಲ್ ಎಂಬ ಹೊಸ ನಾಲ್ವರು. ಹೊಸ ಖಳರು ಬಂದದ್ದೂ ಲೆಕ್ಕ ಹಾಕಿಯೇ. ಎಲ್ಲರೂ ಒಂದೇ ಮೂಲೆಯಲ್ಲಿ ಒತ್ತಾಗಿ ನಿಂತು ಬಚಾವಾಗುತ್ತಿದ್ದರಲ್ಲ, ಅವರನ್ನು ಚದುರಿಸಲು ಕಾಲಡಿ ಆಸಿಡ್ ಉಗುಳುವ ಸ್ಪಿಟರ್ ಬಂದಳು. ಗುಂಪಿಗೆ ಗುದ್ದಿ ಒಬ್ಬನನ್ನು ಹೊತ್ತೊಯ್ಯುವ ಚಾರ್ಜರ್ ಬಂದ. ಕೈಯಾಯುಧಗಳೂ ಬಂದವು. ಕೊಡಲಿ, ಬಾಣಲೆ, ಎಲೆಕ್ಟ್ರಿಕ್ ಗಿಟಾರು, ಅಷ್ಟೇ ಯಾಕೆ, ನಮ್ಮ ಕ್ರಿಕೆಟ್ ಬ್ಯಾಟು! 2004ರ ಇಂಗ್ಲಿಷ್ ಚಿತ್ರ ‘ಶಾನ್ ಆಫ್ ದಿ ಡೆಡ್’ನಲ್ಲಿ ನಾಯಕ ಹೆಣಗಳ ತಲೆಗೆ ಬಾರಿಸಿದ್ದು ಇದೇ ಬ್ಯಾಟಿನಲ್ಲಿ.

ಆಸ್ಟ್ರೇಲಿಯದಲ್ಲಿ ಈ ಆಟಕ್ಕೆ ಸೆನ್ಸಾರಿನ ಕತ್ತರಿ ಬಿತ್ತು. ಕತ್ತರಿಸದ ಪ್ರತಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 2014ರಲ್ಲಿ. ಹೌದು ಮತ್ತೆ, ಇವೆಲ್ಲ ರಕ್ತಸಿಕ್ತ ಆಟಗಳು. ನಮ್ಮ ‘ಎ’ ಸರ್ಟಿಫಿಕೇಟಿನ ಹಾಗೆ ದೊಡ್ಡವರಿಗೆ ಮಾತ್ರ ಅಂತ ಮುದ್ರೆ ಒತ್ತಿಯೇ ಮಾರುತ್ತಾರೆ. ಮನೆಯ ಮಕ್ಕಳ ಕೈಗೆ ಕೊಡುವ ಮುನ್ನ ಯೋಚಿಸಿ.

ಅದ್ದೂರಿ ಸೆಟ್ಟು, ಸಾವಿರ ಎಕ್ಸ್‌ಟ್ರಾಗಳು

‘ವರ್ಲ್ಡ್ ವಾರ್ ಜೆಡ್’ ಬೇರೆ ಜಾತಿ. ಮ್ಯಾಕ್ಸ್ ಬ್ರೂಕ್ಸ್ 2006ರಲ್ಲಿ ಬರೆದ ಕಾದಂಬರಿ, 2013ರಲ್ಲಿ ಬ್ರಾಡ್ ಪಿಟ್ ಚಿತ್ರವಾಯಿತು. ಜೆರುಸಲೇಮಿನ ಗೋಡೆಗೆ ಹೆಣಗಳು ಇರುವೆಯ ಹಾಗೆ ಒಂದರ ಮೇಲೊಂದು ಹತ್ತಿ ಗೋಪುರ ಕಟ್ಟಿದ ಆ ಸೀನು ನೋಡಿದವರು ಮರೆಯಲಾರರು. 2019ರ ಏಪ್ರಿಲಿನಲ್ಲಿ ಸೇಬರ್ ಕಂಪನಿ ಅದನ್ನೇ ಆಟ ಮಾಡಿತು. ಬ್ರಾಡ್ ಪಿಟ್ ಇಲ್ಲ. ಆ ಗೋಪುರ ಇದೆ! ನೂರಾರು ಹೆಣಗಳು ಒಮ್ಮೆಲೇ ಹರಿದು ಬಂದು, ಗೋಡೆಯ ಬುಡದಲ್ಲಿ ರಾಶಿಯಾಗಿ, ಮೇಲೆ ನಿಂತ ನಿಮ್ಮ ಕಾಲಿಗೇ ಕೈ ಹಾಕುತ್ತವೆ. ಬುಡಕ್ಕೆ ಗುರಿಯಿಟ್ಟು ಹೊಡೆದರೆ ಗೋಪುರ ದಬದಬನೆ ಕುಸಿಯುತ್ತದೆ. ಕಣ್ಣಿಗೆ ಹಬ್ಬ!

ನ್ಯೂಯಾರ್ಕ್, ಜೆರುಸಲೇಮ್, ಮಾಸ್ಕೋ, ಟೋಕಿಯೋ ಸುತ್ತಾಡಿಸುತ್ತದೆ. ಸ್ವಾರಸ್ಯ ಏನೆಂದರೆ, ಚಿತ್ರಕ್ಕೆ ಮೊದಲು ಮಾಸ್ಕೋದಲ್ಲಿ ನಡೆಯುವ ಕ್ಲೈಮ್ಯಾಕ್ಸ್ ತೆಗೆದಿದ್ದರು. ಹಿಡಿಸದೆ ಅದನ್ನು ಬಿಟ್ಟು ಹೊಸದಾಗಿ ತೆಗೆದರು. ಚಿತ್ರದಲ್ಲಿ ಡಬ್ಬ ಸೇರಿದ ಮಾಸ್ಕೋ, ಆಟದಲ್ಲಿ ಪೂರಾ ಒಂದು ಅಧ್ಯಾಯ! 2021ರಲ್ಲಿ ‘ಆಫ್ಟರ್‌ಮಾತ್’ ಹೆಸರಿನಲ್ಲಿ ರೋಮ್ ಮತ್ತು ಕಮ್ಚಾಟ್ಕಾ ಕೂಡ ಸೇರಿದವು.

ಇಲ್ಲಿ ಒಗ್ಗಟ್ಟು ಬೇಕಾಗುವುದು ಹಿಂಡು ಬರುವ ಮುಂಚೆ. ಮುಳ್ಳುತಂತಿ ಎಲ್ಲಿ ಹಾಕೋಣ, ಫಿರಂಗಿ ಎಲ್ಲಿ ಇಡೋಣ ಅಂತ ಕೂತು ಮಾತಾಡಬೇಕು. ಆದರೆ ಒಂದು ಕೊರತೆ. ಸಾವಿರ ಎಕ್ಸ್‌ಟ್ರಾಗಳ ನಡುವೆ ನಾಲ್ವರು ನಾಯಕರು ಯಾರೆಂದು ನೆನಪೇ ಉಳಿಯುವುದಿಲ್ಲ. ಬಿಲ್ಲು, ಫ್ರಾನ್ಸಿಸ್ ಹಾಗೆ ಮನಸ್ಸಿಗೆ ಅಂಟುವ ಒಂದು ಮುಖವಿಲ್ಲ.

ಹಳೇ ಯೂನಿಟ್ಟು, ಹೊಸ ಚಿತ್ರ

ಮತ್ತೆ ಟರ್ಟಲ್ ರಾಕ್! ವಾಲ್ವ್‌ನಿಂದ ಬೇರೆಯಾಗಿ ಮತ್ತೆ ಅಂಗಡಿ ತೆರೆದ ಆ ಸ್ಟುಡಿಯೋ 2021ರ ಅಕ್ಟೋಬರಿನಲ್ಲಿ ‘ಬ್ಯಾಕ್ 4 ಬ್ಲಡ್’ ತಂದಿತು. ಹೆಸರಿನಲ್ಲೇ ನಾಲ್ಕು. ಕಾಣದ ಡೈರೆಕ್ಟರೂ ಮರಳಿ ಬಂದ. ಜಾತ್ರೆಯಂತೆ ಜನ ಸೇರಿದರು. 2022ರಲ್ಲಿ, ಒಂದು ಕೋಟಿ ಜನ ಆಡಿದ್ದಾರೆ ಅಂತ ಕಂಪನಿ ಹೇಳಿಕೊಂಡಿತು.

ಹೊಸತೇನು? ಇಸ್ಪೀಟಿನಂಥ ಕಾರ್ಡುಗಳು. ಆಟಕ್ಕೆ ಮುಂಚೆ 15 ಕಾರ್ಡಿನ ಕಟ್ಟು ಜೋಡಿಸಿಕೊಳ್ಳಬೇಕು. ಒಂದು ಕಾರ್ಡು ಓಟ ಹೆಚ್ಚಿಸುತ್ತದೆ, ಇನ್ನೊಂದು ಗುಂಡು ಹೆಚ್ಚಿಸುತ್ತದೆ. ಡೈರೆಕ್ಟರನೂ ತನ್ನ ಕಾರ್ಡು ಇಳಿಸುತ್ತಾನೆ. ಇವತ್ತು ಮಂಜು ಕವಿಯಲಿ, ಇವತ್ತು ಕತ್ತಲಾಗಲಿ ಅಂತ. ಲೆಕ್ಕಾಚಾರ ಇಷ್ಟಪಡುವವರಿಗೆ ಹೊಟ್ಟೆ ತುಂಬ ಊಟ.

ಆದರೆ ಹೊಸಬನನ್ನು ಆಟಕ್ಕೆ ಕರೆದರೆ? ‘ಮೊದಲು ಕಾರ್ಡು ಜೋಡಿಸ್ಕೊಳ್ಳಪ್ಪ’ ಅಂತ ಅರ್ಧ ಗಂಟೆ ಪಾಠ ಹೇಳಬೇಕು. ಅನುಭವಿಯ ಕಟ್ಟು ಗಟ್ಟಿ, ಹೊಸಬನದು ಪೊಳ್ಳು. ಒಂದೇ ಗುಂಪಿನಲ್ಲಿ ಮೇಲು ಕೀಳು ಹುಟ್ಟಿತು. ಒಂಟಿಯಾಗಿ ಆಡಿದವರಿಗೆ ಮೊದಮೊದಲು ಆಡಿದ್ದರ ಫಲವೇ ಜಮೆಯಾಗುತ್ತಿರಲಿಲ್ಲ. ಗಲಾಟೆಯಾದ ಮೇಲೆ ಅದೇ ಡಿಸೆಂಬರಿನಲ್ಲಿ ಸರಿಮಾಡಿದರು. 2023ರ ಆರಂಭದಲ್ಲಿ ಹೊಸ ಅಧ್ಯಾಯಗಳು ಇನ್ನಿಲ್ಲ ಅಂತ ಸ್ಟುಡಿಯೋ ಕೈತೊಳೆದುಕೊಂಡಿತು.

ಇತ್ತ 2009ರ ಹಳೆಯ ‘ಲೆಫ್ಟ್ 4 ಡೆಡ್ 2’ ಏನಾಯಿತು? ಸುಮಾರು ಹನ್ನೊಂದು ವರ್ಷ ಕಳೆದ ಮೇಲೆ, 2020ರ ಸೆಪ್ಟೆಂಬರಿನಲ್ಲಿ, ಅಭಿಮಾನಿಗಳೇ ಕೂತು ‘ದಿ ಲಾಸ್ಟ್ ಸ್ಟ್ಯಾಂಡ್’ ಎಂಬ ಹೊಸ ಅಧ್ಯಾಯ ಕಟ್ಟಿದರು. ಕಂಪನಿ ಅದನ್ನು ಅಧಿಕೃತವಾಗಿ ಪುಕ್ಕಟೆ ಹಂಚಿತು. ಒಮ್ಮೆ ಬಹಿಷ್ಕಾರ ಹಾಕಿಸಿಕೊಂಡ ಆಟ! ಇವತ್ತಿಗೂ ಸಾವಿರಾರು ಜನ ರಾತ್ರಿ ರಾತ್ರಿ ಅದಕ್ಕೇ ಇಳಿಯುತ್ತಾರೆ.

ಯಾರಿಗೆ ಯಾವುದು?

ಇಷ್ಟೆಲ್ಲ ಹೇಳಿ ತೀರ್ಪು ಕೊಡದಿದ್ದರೆ ನೀವು ಬಿಡ್ತೀರಾ? ಕೇಳಿ.

ಗುಂಪಿನಲ್ಲಿ ಹೊಸಬರಿದ್ದರೆ, ಹಳೇ ಕಂಪ್ಯೂಟರಿದ್ದರೆ, ಒಂದು ಗಂಟೆಯಲ್ಲಿ ಒಂದು ಚಿತ್ರ ಮುಗಿಸಿ ಏಳಬೇಕೆಂದರೆ, ಕಣ್ಣು ಮುಚ್ಚಿಕೊಂಡು ‘ಲೆಫ್ಟ್ 4 ಡೆಡ್ 2’. ಆರು ಜನರ ದೊಡ್ಡ ಗ್ಯಾಂಗು, ಗದ್ದಲ, ವ್ಯಾಪಾರ ಬೇಕೆಂದರೆ ‘ಕಿಲ್ಲಿಂಗ್ ಫ್ಲೋರ್’. ಹಟಮಾರಿಗಳು, ದಾಖಲೆ ಮುರಿಯುವವರು, ಗುಟ್ಟುಗಳನ್ನು ಹುಡುಕುವವರಾದರೆ ‘ಕಾಲ್ ಆಫ್ ಡ್ಯೂಟಿ’ಯ ಜೋಂಬಿ. ಅದ್ದೂರಿ ದೃಶ್ಯ ಬೇಕಾದವರಿಗೆ ‘ವರ್ಲ್ಡ್ ವಾರ್ ಜೆಡ್’. ದಿನಾ ತಪ್ಪದೆ ಸೇರುವ ಅದೇ ನಾಲ್ಕು ಜನರಿದ್ದು, ಲೆಕ್ಕಾಚಾರದ ಹುಚ್ಚಿದ್ದರೆ ‘ಬ್ಯಾಕ್ 4 ಬ್ಲಡ್’.

ಬಂದೂಕು ಯಾವುದರಲ್ಲಿ ಹೆಚ್ಚು, ಹೆಣ ಯಾವುದರಲ್ಲಿ ಹೆಚ್ಚು ಅಂತ ಎಣಿಸುತ್ತಾ ಕೂತರೆ ಹೊಸ ಆಟವೇ ಗೆಲ್ಲುತ್ತದೆ. ಆದರೆ ಅಳೆಯಬೇಕಾದ ಗಜಕಡ್ಡಿ ಅದಲ್ಲ. ಬಿದ್ದವನಿಗಾಗಿ ಮುಂದೆ ಹೋದವನು ಹಿಂತಿರುಗುತ್ತಾನೋ ಇಲ್ಲವೋ? ಒಂದು ಆಟ ಅದಕ್ಕೆ ಕೂಲಿ ಕೊಡುತ್ತದೆ. ಒಂದು ಆಟ ಕಾರ್ಡು ಕೊಡುತ್ತದೆ. ‘ಲೆಫ್ಟ್ 4 ಡೆಡ್’ ಏನೂ ಕೊಡುವುದಿಲ್ಲ. ಕಡೆಯಲ್ಲಿ ಓಡುವ ಟೈಟಲಿನಲ್ಲಿ ಒಂದು ಸಾಲು, ಅಷ್ಟೆ. ಆದರೂ ಜನ ಹಿಂತಿರುಗುತ್ತಾರೆ. ಅದಕ್ಕೇ ಅದು ಉಳಿದಿದೆ.

ಸೇತುವೆಯ ಮೇಲೆ

ಕಡೆಯದಾಗಿ ಒಂದು ಸೀನು ಹೇಳಿ ಮುಗಿಸುತ್ತೇನೆ.

2010ರ ಏಪ್ರಿಲಿನಲ್ಲಿ ‘ಲೆಫ್ಟ್ 4 ಡೆಡ್ 2’ಕ್ಕೆ ‘ದಿ ಪಾಸಿಂಗ್’ ಎಂಬ ಅಧ್ಯಾಯ ಬಂತು. ಹೊಸ ನಾಲ್ವರು ಒಂದು ಸೇತುವೆಯ ಬಳಿ ಬರುತ್ತಾರೆ. ಅಲ್ಲಿ ಹಳೆಯ ನಾಲ್ವರು ಸಿಗುತ್ತಾರೆ. ನಾಲ್ವರಲ್ಲ, ಮೂವರು. ಮುದುಕ ಬಿಲ್ ಕಾಣುವುದಿಲ್ಲ. ಕೆಳಗಿಳಿದರೆ ಜನರೇಟರಿನ ಪಕ್ಕದಲ್ಲಿ ಅವನ ಹೆಣ. ಅಭಿಮಾನಿಗಳ ಎದೆ ಧಸಕ್ಕೆಂದಿತು. ಏನಾಯಿತು ಅಂತ ತಿಳಿಯಲು ಅಕ್ಟೋಬರಿನವರೆಗೆ ಕಾಯಬೇಕಾಯಿತು. ಆಗ ಬಂತು ‘ದಿ ಸ್ಯಾಕ್ರಿಫೈಸ್’.

ಸೇತುವೆ ಮೇಲೆದ್ದರೆ ಹೆಣಗಳು ಹತ್ತಲಾರವು, ಎಲ್ಲರೂ ಬದುಕುತ್ತಾರೆ. ಏಳುತ್ತಾ ಏಳುತ್ತಾ ಜನರೇಟರ್ ಕೆಟ್ಟು, ಸೇತುವೆ ಅರ್ಧಕ್ಕೇ ನಿಂತುಬಿಡುತ್ತದೆ. ಯಾರಾದರೊಬ್ಬರು ಕೆಳಗೆ ಜಿಗಿದು ಅದನ್ನು ಮತ್ತೆ ಶುರು ಮಾಡಬೇಕು. ಕೆಳಗೆ ಟ್ಯಾಂಕುಗಳು ಕಾದಿವೆ. ಇಳಿದವರು ಮೇಲೆ ಬರುವುದಿಲ್ಲ.

ಅಧಿಕೃತ ಚಿತ್ರಕಥೆಯ ಪುಸ್ತಕದಲ್ಲಿ ಇಳಿದವನು ಬಿಲ್. ಆದರೆ ಆಟದಲ್ಲಿ? ಡೈರೆಕ್ಟರ್ ಇಲ್ಲಿ ಸುಮ್ಮನಾಗಿಬಿಡುತ್ತಾನೆ. ಯಾರು ಅಂತ ಅವನು ಹೇಳುವುದಿಲ್ಲ. ಯಾರು ಬೇಕಾದರೂ ಇಳಿಯಬಹುದು.

ನಾಲ್ಕು ಜನ ಸೇತುವೆಯ ಮೇಲೆ ನಿಂತಿರುತ್ತಾರೆ. ಅಷ್ಟು ಹೊತ್ತು ಮೈಕಿನಲ್ಲಿ ‘ಏಯ್, ಗುಂಡು ನಂಗೆ ಬಿಡೋ’, ‘ಲೋ, ನಂಗ್ಯಾಕೋ ಹೊಡೀತೀಯ’ ಅಂತ ಕಿತ್ತಾಡುತ್ತಿದ್ದವರು ಒಂದು ಕ್ಷಣ ಗಪ್‌ಚಿಪ್. ಆಟವೇ, ನಿಜವಾಗಿ ಯಾರೂ ಸಾಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ...

‘ನೀವಿರ್ರೋ, ನಾನ್ ಹೋಗ್ತೀನಿ’ ಅಂತ ಒಬ್ಬ ಜಿಗಿಯುತ್ತಾನೆ.

ರೊಮೆರೊ ಮನೆಯಲ್ಲಿದ್ದ ಏಳು ಜನರಲ್ಲಿ ಇಂಥ ಮಾತು ಅಷ್ಟು ಬೇಗ ಬಂದಿದ್ದರೆ ಆ ಚಿತ್ರದ ಕಥೆಯೇ ಬೇರೆಯಾಗುತ್ತಿತ್ತು. ನಿಮ್ಮ ಗುಂಪಿನಲ್ಲಿ ಆ ಜಿಗಿಯುವವನು ಯಾರು? ಆಡಿ ನೋಡಿ, ಗೊತ್ತಾಗುತ್ತದೆ!